ಹೆಬ್ಬೆರಳೋ, ಮತವೋ, ಎರಡು ಸಾಲಿನ ಮಾತೋ: ಗುಂಪಿನ ಅಭಿಪ್ರಾಯ ಕೇಳುವ ಬಗೆಗಳ ಹೋಲಿಕೆ

ನಮ್ಮ ಬಡಾವಣೆಯಲ್ಲಿ 64 ಮನೆಗಳಿವೆ. ನಿವಾಸಿಗಳ ಸಂಘದ ಕಾರ್ಯದರ್ಶಿಯ ಕೆಲಸ ನನ್ನ ಪಾಲಿಗೆ ಬಂದ ಮೊದಲ ವರ್ಷ, ಮುಖ್ಯ ಗೇಟಿಗೆ ರಾತ್ರಿ ಹತ್ತು ಗಂಟೆಗೆ ಬೀಗ ಹಾಕಬೇಕೆಂಬ ಸಲಹೆಯನ್ನು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಒಪ್ಪಿಗೆಯಿರುವವರು ಹೆಬ್ಬೆರಳಿನ ಗುರುತು ಒತ್ತಬೇಕೆಂದು ಕೇಳಿಕೊಂಡೆ. ಸಂಜೆಯೊಳಗೆ 41 ಹೆಬ್ಬೆರಳುಗಳು ಬಂದವು. ಬೇಡವೆಂದವರು ಒಬ್ಬರೂ ಇರಲಿಲ್ಲ. ಬೀಗ ತಂದು ಹಾಕಿದ್ದೂ ಆಯಿತು. ಮೂರನೆಯ ದಿನ ನರ್ಸ್ ಆಗಿರುವ ನಿವಾಸಿಯೊಬ್ಬರು ಒಂದೇ ಸಾಲು ಬರೆದರು: ‘ನನ್ನ ಪಾಳಿ ಮುಗಿಯುವುದೇ ಹತ್ತೂವರೆಗೆ, ನಾನು ಒಳಗೆ ಬರುವುದು ಹೇಗೆ ಸರ್?’ ಆ ಸಾಲಿನ ಬೆನ್ನಿಗೇ ಕ್ಯಾಬ್ ಓಡಿಸುವವರು, ಎರಡನೆಯ ಪಾಳಿಯಲ್ಲಿ ದುಡಿಯುವವರು, ರಾತ್ರಿ ಬಸ್ಸಿನಲ್ಲಿ ಊರಿನಿಂದ ಬರುವ ತಂದೆ ತಾಯಿಯನ್ನು ಕರೆತರಬೇಕಾದವರು, ಹೀಗೆ ಆರು ಮನೆಯವರ ಮಾತು ಹೊರಬಂತು. ಹೆಬ್ಬೆರಳು ಒತ್ತಿದವರಲ್ಲೇ ಹಲವರು ಇದು ತಮಗೆ ಹೊಳೆದಿರಲಿಲ್ಲವೆಂದರು.

ಆ 41 ಮಂದಿ ತಪ್ಪು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಗೆ, ನಾನು ತೋರಿಸಿದ ದಾರಿಯಲ್ಲಿ, ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟಿದ್ದರು. ಆದರೆ ಆ ದಾರಿಯಲ್ಲಿ ‘ಹೌದು’ ಎಂಬುದೊಂದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ನಿವಾಸಿಗಳ ಸಂಘ, ಹಳೆಯ ವಿದ್ಯಾರ್ಥಿಗಳ ಗುಂಪು, ರೈತರ ಮಾಹಿತಿ ಗುಂಪು, ಹೊರನಾಡಿನ ಕನ್ನಡ ಸಂಘ, ಯಾವುದೇ ಇರಲಿ, ಇಂದು ಬಹುಪಾಲು ಚರ್ಚೆ ಫೋನಿನಲ್ಲೇ ನಡೆಯುತ್ತದೆ. ಅಲ್ಲಿ ಅಭಿಪ್ರಾಯ ಕೇಳುವುದಕ್ಕೆ ಹಲವು ಬಗೆಗಳಿವೆ, ಒಂದೊಂದು ಬಗೆಯೂ ಒಂದೊಂದು ಬಗೆಯ ಉತ್ತರವನ್ನಷ್ಟೇ ತರುತ್ತದೆ. ಯಾವ ಸಂದರ್ಭಕ್ಕೆ ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು ಗುಂಪು ನಡೆಸುವವರಿಗಾಗಿ ಇಲ್ಲಿ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಎಷ್ಟು ಮಂದಿ ಒಪ್ಪುತ್ತಾರೆಂಬುದು ಮತದಿಂದ ತಿಳಿಯುತ್ತದೆ, ಆದರೆ ಸಲಹೆಯನ್ನು ಎಲ್ಲಿ ತಿದ್ದಬೇಕೆಂಬುದು ಎರಡು ಸಾಲಿನ ಮಾತಿನಿಂದ ಮಾತ್ರ ತಿಳಿಯುತ್ತದೆ. ಆದ್ದರಿಂದ ತಿದ್ದಲು ಇನ್ನೂ ಅವಕಾಶವಿರುವಾಗ ಮಾತನ್ನು ಕೇಳಬೇಕು, ಮತವನ್ನು ಅದರ ನಂತರ ಕೇಳಬೇಕು.

ಹೆಬ್ಬೆರಳಿನ ಗುರುತು

ಫೇಸ್‌ಬುಕ್ಕಿನ ‘ಲೈಕ್’ ಗುಂಡಿ ಬಂದದ್ದು 2009ರಲ್ಲಿ. ವಾಟ್ಸಾಪಿನಲ್ಲಿ ಒಂದು ಸಂದೇಶದ ಮೇಲೆಯೇ ಗುರುತು ಒತ್ತುವ ಅನುಕೂಲ ಬಂದದ್ದು 2022ರಲ್ಲಿ. ಈ ಗುರುತುಗಳನ್ನು ಹಗುರವಾಗಿ ಕಾಣುವವರಿದ್ದಾರೆ. ನಾನು ಹಾಗೆ ಕಾಣುವುದಿಲ್ಲ, ಏಕೆಂದರೆ ಕನ್ನಡವನ್ನು ಚೆನ್ನಾಗಿ ಓದಬಲ್ಲ, ಆದರೆ ಫೋನಿನಲ್ಲಿ ಒತ್ತಕ್ಷರ ಮೂಡಿಸಲು ಕಷ್ಟಪಡುವ ಹಿರಿಯರು ನಮ್ಮ ಗುಂಪುಗಳಲ್ಲಿ ಬಹಳ ಮಂದಿ ಇದ್ದಾರೆ. ಅವರು ಚರ್ಚೆಯಲ್ಲಿ ಪಾಲ್ಗೊಳ್ಳಲು ಇರುವ ಸುಲಭದ ದಾರಿಯೆಂದರೆ ಒಂದು ಗುರುತು, ಇಲ್ಲವೇ ಧ್ವನಿ ಸಂದೇಶ. ಅದನ್ನು ತೆಗೆದುಹಾಕಿದರೆ ಗುಂಪು ಟೈಪಿಸಬಲ್ಲವರ ಗುಂಪಾಗಿಬಿಡುತ್ತದೆ.

ಗುರುತಿನ ಇನ್ನೊಂದು ಉಪಯೋಗ ಗದ್ದಲವನ್ನು ಕಡಿಮೆ ಮಾಡುವುದು. ತಂತ್ರಾಂಶ ಬರೆಯುವವರು ಒಟ್ಟಾಗಿ ಕೆಲಸ ಮಾಡುವ ಗಿಟ್‌ಹಬ್ ತಾಣದಲ್ಲಿ ಒಂದು ದೋಷದ ಬಗ್ಗೆ ಯಾರಾದರೂ ಬರೆದರೆ, ಅದರ ಕೆಳಗೆ ‘ನನಗೂ ಇದೇ ತೊಂದರೆ’ ಎಂಬ ಅರ್ಥದಲ್ಲಿ ‘ಪ್ಲಸ್ ಒಂದು’ ಎಂದು ಬರೆಯುವ ರೂಢಿಯಿತ್ತು. ಪ್ರತಿಯೊಂದು ‘ಪ್ಲಸ್ ಒಂದು’ ಕೂಡ ಆ ಚರ್ಚೆಯನ್ನು ಹಿಂಬಾಲಿಸುತ್ತಿದ್ದ ಎಲ್ಲರಿಗೂ ಇಮೇಲ್ ಆಗಿ ಹೋಗುತ್ತಿತ್ತು, ನಿಜವಾದ ಮಾಹಿತಿ ಅದರಡಿ ಹೂತುಹೋಗುತ್ತಿತ್ತು. 2016ರ ಜನವರಿಯಲ್ಲಿ ಹಲವು ಯೋಜನೆಗಳ ನಿರ್ವಾಹಕರು ಸೇರಿ ಬಹಿರಂಗ ಪತ್ರ ಬರೆದು, ಇದಕ್ಕೆ ಬದಲಾಗಿ ಮತ ಹಾಕುವ ವ್ಯವಸ್ಥೆ ಬೇಕೆಂದು ಕೇಳಿದರು; ಅದೇ ವರ್ಷದ ಮಾರ್ಚಿನಲ್ಲಿ ಗುರುತು ಒತ್ತುವ ಅನುಕೂಲ ಬಂತು. ನಮ್ಮ ಗುಂಪುಗಳಲ್ಲಿ ನೀರು ಬಂದಿಲ್ಲವೆಂಬ ಒಂದು ದೂರಿನ ಕೆಳಗೆ ‘ನಮಗೂ ಇಲ್ಲ’ ಎಂದು ಮೂವತ್ತು ಸಂದೇಶಗಳು ಬಂದು, ‘ವಾಲ್ವ್ ತೆರೆದಿದೆ, ಅರ್ಧ ಗಂಟೆ ಕಾಯಿರಿ’ ಎಂಬ ಒಂದು ಸಾಲು ಯಾರ ಕಣ್ಣಿಗೂ ಬೀಳದೆ ಹೋಗುವುದೂ ಇದೇ ತೊಂದರೆಯೇ. ದೂರಿನ ಮೇಲೆ ಒಂದು ಗುರುತು ಒತ್ತಿದ್ದರೆ ಎಷ್ಟು ಮನೆಗೆ ನೀರಿಲ್ಲವೆಂಬುದೂ ತಿಳಿಯುತ್ತಿತ್ತು, ಉತ್ತರವೂ ಮೇಲೆಯೇ ಉಳಿಯುತ್ತಿತ್ತು.

ಆದರೆ ಗುರುತಿಗೆ ಒಂದೇ ಅರ್ಥವಿಲ್ಲ. ಕೈಮುಗಿದ ಚಿತ್ರವನ್ನೇ ನೋಡಿ. ಅದು ನಮಸ್ಕಾರವಾಗಬಹುದು, ಧನ್ಯವಾದವಾಗಬಹುದು, ‘ನೋಡಿದೆ’ ಎಂಬುದಾಗಬಹುದು, ‘ದಯವಿಟ್ಟು ಇಲ್ಲಿಗೆ ನಿಲ್ಲಿಸಿ’ ಎಂಬ ವಿನಂತಿಯೂ ಆಗಬಹುದು. ಹೆಬ್ಬೆರಳಿನ ಕಥೆಯೂ ಅದೇ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಅಗಸೆ ಬೀಜ ಕೊಳ್ಳುವ ಸಂಸ್ಥೆಯೊಂದು ಒಪ್ಪಂದದ ಚಿತ್ರವನ್ನು ರೈತರೊಬ್ಬರಿಗೆ ಕಳಿಸಿದಾಗ ಅವರು ಹೆಬ್ಬೆರಳಿನ ಗುರುತು ಕಳಿಸಿದರು. ಒಪ್ಪಂದ ಕೈ ಸೇರಿತೆಂದಷ್ಟೇ ಅದರ ಅರ್ಥವೆಂಬುದು ರೈತರ ವಾದ, ಒಪ್ಪಿಗೆಯೆಂಬುದು ಸಂಸ್ಥೆಯ ವಾದ. 2023ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಒಪ್ಪಿಗೆಯೆಂದೇ ಎಣಿಸಿ, ಬೀಜ ಪೂರೈಸದ ರೈತರು ಸುಮಾರು 82,000 ಕೆನಡಾ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ನೀಡಿತು. ಇಬ್ಬರ ನಡುವಿನ ಸಂದೇಶದಲ್ಲೇ ಅರ್ಥ ಇಷ್ಟು ಕವಲೊಡೆದರೆ, 64 ಮನೆಗಳ ಗುಂಪಿನಲ್ಲಿ ಹೇಳಬೇಕಾದದ್ದೇನು! ಆದ್ದರಿಂದ ಸುದ್ದಿ ತಲುಪಿತೆಂದು ತಿಳಿಯಲು, ಒಂದೇ ದೂರು ಎಷ್ಟು ಮಂದಿಯದೆಂದು ಎಣಿಸಲು, ತಪ್ಪಿದರೂ ನಷ್ಟವಿಲ್ಲದ ಸಣ್ಣ ವಿಷಯಗಳಿಗೆ ಗುರುತನ್ನು ಬಳಸಬಹುದು. ಹಣ, ಬೀಗ, ನಿಯಮ, ನೇಮಕಾತಿ ಇವುಗಳಿಗೆ ಬಳಸಬಾರದು.

ಮತ

ಮತದ ಬಲವೇನೆಂಬುದನ್ನು ಗಣಿತದಿಂದಲೇ ತೋರಿಸಿದವರು ಫ್ರಾನ್ಸಿನ ಗಣಿತಜ್ಞ ಕೊಂಡಾರ್ಸೆ, 1785ರಲ್ಲಿ. ಅವರ ತರ್ಕವನ್ನು ಒಂದು ಲೆಕ್ಕದಿಂದ ವಿವರಿಸಬಹುದು. ಹನ್ನೊಂದು ಮಂದಿ ಇದ್ದಾರೆ, ಒಂದು ಪ್ರಶ್ನೆಗೆ ಸರಿಯುತ್ತರ ಕೊಡುವ ಸಾಧ್ಯತೆ ಒಬ್ಬೊಬ್ಬರಿಗೂ 60 ಶೇಕಡಾ ಎಂದಿಟ್ಟುಕೊಳ್ಳೋಣ. ಒಬ್ಬರನ್ನೇ ಕೇಳಿದರೆ ಸರಿಯಾಗುವ ಸಾಧ್ಯತೆ 60 ಶೇಕಡಾ, ಹನ್ನೊಂದು ಮಂದಿಯ ಬಹುಮತ ಸರಿಯಾಗುವ ಸಾಧ್ಯತೆ ಸುಮಾರು 75 ಶೇಕಡಾ. ಆದರೆ ಒಬ್ಬೊಬ್ಬರೂ ಸರಿಯಾಗುವ ಸಾಧ್ಯತೆ 40 ಶೇಕಡಾ ಮಾತ್ರ ಇದ್ದರೆ ಬಹುಮತ ಸರಿಯಾಗುವ ಸಾಧ್ಯತೆ 25 ಶೇಕಡಾಕ್ಕೆ ಇಳಿಯುತ್ತದೆ. ವಿಷಯ ಗೊತ್ತಿಲ್ಲದವರ ಮತವನ್ನು ಕೂಡಿಸಿದಷ್ಟೂ ತಪ್ಪು ಗಟ್ಟಿಯಾಗುತ್ತದೆ. ಮತ ಕೇಳುವ ಮೊದಲು ಮಾಹಿತಿ ಕೊಡಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ತಿಳಿದಿಲ್ಲ.

ಈ ಲೆಕ್ಕಕ್ಕೆ ಒಂದು ಷರತ್ತಿದೆ: ಪ್ರತಿಯೊಬ್ಬರೂ ಸ್ವತಂತ್ರವಾಗಿ ಯೋಚಿಸಿ ಮತ ಹಾಕಿರಬೇಕು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಜಾತ್ರೆಯಲ್ಲಿ ಒಂದು ಎತ್ತಿನ ತೂಕವನ್ನು ಊಹಿಸುವ ಸ್ಪರ್ಧೆ ನಡೆಯಿತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅದರ 787 ಚೀಟಿಗಳನ್ನು ಪಡೆದು ನೋಡಿದರು. ಏರಿಕೆಯ ಸಾಲಿನಲ್ಲಿ ಜೋಡಿಸಿದಾಗ ನಡುವೆ ಬಂದ ಊಹೆ 1,207 ಪೌಂಡು, ನಿಜವಾದ ತೂಕ 1,198 ಪೌಂಡು. ಅಲ್ಲಿ ಒಬ್ಬೊಬ್ಬರೂ ದುಡ್ಡು ಕೊಟ್ಟು ಚೀಟಿ ಕೊಂಡು, ಬಹುಮಾನದ ಆಸೆಯಿಂದ ತಮ್ಮದೇ ಊಹೆಯನ್ನು ಬರೆದಿದ್ದರು. ಹಿಂದಿನವರು ಬರೆದದ್ದನ್ನು ನೋಡಿ ಬರೆದಿದ್ದರೆ ಆ ಫಲಿತಾಂಶ ಬರುತ್ತಿತ್ತೆಂದು ಹೇಳಲಾಗದು.

ಹಿಂದಿನವರ ಮತವನ್ನು ನೋಡಿದಾಗ ಏನಾಗುತ್ತದೆಂಬುದನ್ನು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿಕೊಟ್ಟಿತು. ಸುದ್ದಿ ಚರ್ಚೆಯ ಒಂದು ತಾಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅನಿಸಿಕೆಗಳನ್ನು ತೆಗೆದುಕೊಂಡು, ಅವುಗಳಲ್ಲಿ ಕೆಲವಕ್ಕೆ ಸಂಶೋಧಕರು ತಾವೇ ಒಂದು ಮೆಚ್ಚುಗೆಯ ಮತವನ್ನು ಮೊದಲಿಗೇ ಹಾಕಿಟ್ಟರು. ಅದನ್ನು ನೋಡಿದ ಮೊದಲ ಓದುಗ ತಾನೂ ಮೆಚ್ಚುವ ಸಾಧ್ಯತೆ 32 ಶೇಕಡಾ ಹೆಚ್ಚಿತು, ಕೊನೆಯಲ್ಲಿ ಆ ಅನಿಸಿಕೆಗಳ ಒಟ್ಟು ಅಂಕ ಸರಾಸರಿ 25 ಶೇಕಡಾ ಮೇಲೇರಿತು. ಮೊದಲಿಗೆ ವಿರೋಧದ ಮತ ಹಾಕಿಟ್ಟ ಅನಿಸಿಕೆಗಳ ವಿಷಯದಲ್ಲಿ ಮಾತ್ರ ಜನರೇ ಮೆಚ್ಚುಗೆ ಹಾಕಿ ಆ ಇಳಿತವನ್ನು ಸರಿದೂಗಿಸಿದರು. ನನ್ನ ಗೇಟಿನ ಪ್ರಶ್ನೆಯ ಮೊದಲ ಹೆಬ್ಬೆರಳು ಸಂಘದ ಅಧ್ಯಕ್ಷರದಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅವರು ಹಿರಿಯರು, ಎಲ್ಲರಿಗೂ ಬೇಕಾದವರು. ಅವರ ಗುರುತು ಕಂಡ ಮೇಲೆ ಬೇಡವೆನ್ನುವುದು ನಮ್ಮಲ್ಲಿ ಸುಲಭವಲ್ಲ.

ಹೀಗಾಗಿ ಯಾವ ಆ್ಯಪಿನಲ್ಲಿ ಮತ ಕೇಳುತ್ತೇವೆಂಬುದು ಮುಖ್ಯವಾಗುತ್ತದೆ. ವಾಟ್ಸಾಪಿನ ಪೋಲ್‌ನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರೆಂಬುದು ಗುಂಪಿನ ಎಲ್ಲರಿಗೂ ಕಾಣುತ್ತದೆ. ಒಬ್ಬರು ಒಂದಕ್ಕಿಂತ ಹೆಚ್ಚು ಆಯ್ಕೆಗಳನ್ನು ಒತ್ತಲು ಅವಕಾಶ ಕೊಡುವ ಸ್ವಿಚ್ಚನ್ನು ಮೊದಲೇ ಗಮನಿಸಿ ಆಫ್ ಮಾಡದಿದ್ದರೆ ಎಣಿಕೆಯೇ ತಪ್ಪುತ್ತದೆ. ಟೆಲಿಗ್ರಾಮಿನಲ್ಲಿ ಹೆಸರು ಕಾಣದ ಹಾಗೆ ಪೋಲ್ ನಡೆಸಬಹುದು, ಆದರೆ ಎಣಿಕೆ ಮತ ಹಾಕಿದವರಿಗೆಲ್ಲ ಕಾಣುತ್ತಲೇ ಇರುತ್ತದೆ. ಗೂಗಲ್ ಫಾರ್ಮಿನಲ್ಲಿ ಹೆಸರನ್ನೂ ಎಣಿಕೆಯನ್ನೂ ಮರೆಮಾಡಬಹುದು, ಆದರೆ ಕೊಂಡಿ ತೆರೆದು ಹೋಗಬೇಕಾದ್ದರಿಂದ ಮತ ಹಾಕುವವರ ಸಂಖ್ಯೆ ಇಳಿಯುತ್ತದೆ. ನನ್ನ ಅನುಭವದಲ್ಲಿ, ಹಬ್ಬದ ಊಟಕ್ಕೆ ಹೋಳಿಗೆಯೋ ಪಾಯಸವೋ ಎಂಬಂಥ ಪ್ರಶ್ನೆಗೆ ವಾಟ್ಸಾಪ್ ಪೋಲ್ ಸಾಕು. ನೆರೆಹೊರೆಯವರ ನಡುವೆ ಮನಸ್ತಾಪ ತರಬಲ್ಲ ಪ್ರಶ್ನೆಗೆ ಹೆಸರು ಕಾಣದ ಬಗೆಯೇ ಬೇಕು, ಮತ ಹಾಕುವವರು ಕಡಿಮೆಯಾದರೂ ಸರಿ.

ಇನ್ನು ಆಯ್ಕೆಗಳ ಪಟ್ಟಿ. ಸುಪ್ರೀಂ ಕೋರ್ಟಿನ 2013ರ ತೀರ್ಪಿನ ನಂತರ ನಮ್ಮ ಮತಯಂತ್ರಗಳಲ್ಲಿ ‘ನೋಟಾ’ ಗುಂಡಿ ಬಂತಲ್ಲವೇ? ಗುಂಪಿನ ಪೋಲ್‌ಗಳಲ್ಲೂ ಅಂಥ ಒಂದು ಆಯ್ಕೆ ಕಡ್ಡಾಯವಾಗಿ ಇರಬೇಕು. ಅದನ್ನು ನಾನು ಎರಡಾಗಿ ಒಡೆದು ಬರೆಯುತ್ತೇನೆ: ‘ಯಾವುದಾದರೂ ಸರಿ’ ಮತ್ತು ‘ಯಾವುದೂ ಸರಿಯಿಲ್ಲ, ಕಾರಣ ಹೇಳುತ್ತೇನೆ’. ಈ ಎರಡನೆಯದಕ್ಕೆ ಬರುವ ಎರಡು ಮೂರು ಮತಗಳನ್ನೇ ನಾನು ಮೊದಲು ಓದುವುದು.

ಏರಿಸುವ, ಇಳಿಸುವ ಮತ

ನಿರ್ಧಾರಕ್ಕಾಗಿ ಅಲ್ಲದೆ, ಬಂದ ಉತ್ತರಗಳಲ್ಲಿ ಒಳ್ಳೆಯದನ್ನು ಮೇಲೆ ತರುವುದಕ್ಕಾಗಿ ಮತ ಹಾಕುವ ಬಗೆ ಇದು. 2008ರಲ್ಲಿ ಆರಂಭವಾದ, ತಂತ್ರಾಂಶ ಬರೆಯುವವರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಇದಕ್ಕೆ ಹೆಸರಾಂತ ಉದಾಹರಣೆ. ಅಲ್ಲಿ ಮೆಚ್ಚುಗೆಯ ಮತ ಹಾಕಲು 15 ಅಂಕಗಳ ಪ್ರತಿಷ್ಠೆ ಗಳಿಸಿರಬೇಕು, ಎಲ್ಲೆಡೆ ಟಿಪ್ಪಣಿ ಬರೆಯಲು 50, ವಿರೋಧದ ಮತ ಹಾಕಲು 125. ಅಷ್ಟೇ ಅಲ್ಲ, ಒಂದು ಉತ್ತರಕ್ಕೆ ವಿರೋಧ ಸೂಚಿಸಿದವರು ತಮ್ಮದೂ ಒಂದು ಅಂಕವನ್ನು ಕಳೆದುಕೊಳ್ಳುತ್ತಾರೆ. ‘ಬೇಡ’ ಎನ್ನುವವರೂ ಸ್ವಲ್ಪ ಬೆಲೆ ತೆರಬೇಕೆಂಬ ಈ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ. ಬೆಲೆಯಿಲ್ಲದ ವಿರೋಧ ಗುಂಪುಗಾರಿಕೆಗೆ ದಾರಿಯಾಗುತ್ತದೆ. ಯೂಟ್ಯೂಬ್ 2021ರಲ್ಲಿ ‘ಡಿಸ್‌ಲೈಕ್’ ಸಂಖ್ಯೆಯನ್ನು ಸಾರ್ವಜನಿಕರ ಕಣ್ಣಿನಿಂದ ಮರೆಮಾಡಿದ್ದು, ಸಣ್ಣ ಚಾನೆಲ್‌ಗಳ ಮೇಲೆ ಒಟ್ಟಾಗಿ ಮುಗಿಬೀಳುವವರನ್ನು ತಡೆಯಲೆಂದೇ ಎಂದು ಅದು ಹೇಳಿತು.

ಮತಗಳನ್ನು ಎಣಿಸಿ ಸಾಲುಗೂಡಿಸುವಾಗ ಒಂದು ಎಚ್ಚರ ಬೇಕು. ಮೂವರಲ್ಲಿ ಮೂವರೂ ಮೆಚ್ಚಿದ ಉತ್ತರ ಮೇಲೆ ಬರಬೇಕೋ, ಐವತ್ತರಲ್ಲಿ ನಲವತ್ತು ಮಂದಿ ಮೆಚ್ಚಿದ ಉತ್ತರವೋ? ಬರೀ ಶೇಕಡಾ ಲೆಕ್ಕದಲ್ಲಿ ಮೊದಲನೆಯದು 100, ಎರಡನೆಯದು 80. ಆದರೆ ಮೂವರ ಮಾತಿನ ಮೇಲೆ ಎಷ್ಟು ಭರವಸೆ ಇಡಬಹುದೆಂಬುದನ್ನೂ ಎಣಿಸುವ ಸೂತ್ರವೊಂದನ್ನು ಅಮೆರಿಕದ ಗಣಿತಜ್ಞ ಎಡ್ವಿನ್ ವಿಲ್ಸನ್ 1927ರಲ್ಲಿಯೇ ಕೊಟ್ಟಿದ್ದಾರೆ. ಆ ಸೂತ್ರದ ಪ್ರಕಾರ, 95 ಶೇಕಡಾ ಭರವಸೆಯಲ್ಲಿ, ಇನ್ನೆಷ್ಟು ಮಂದಿಯನ್ನು ಕೇಳಿದರೂ ಇದಕ್ಕಿಂತ ಕೆಳಗಿಳಿಯದೆಂದು ನಂಬಬಹುದಾದ ಕನಿಷ್ಠ ಮೆಚ್ಚುಗೆ ಮೊದಲನೆಯದಕ್ಕೆ ಸುಮಾರು 44 ಶೇಕಡಾ, ಎರಡನೆಯದಕ್ಕೆ ಸುಮಾರು 67; ಹಾಗಾಗಿ ಎರಡನೆಯದೇ ಮೇಲೆ ಬರಬೇಕು. ರೆಡ್ಡಿಟ್ ತಾಣ 2009ರಲ್ಲಿ ಅನಿಸಿಕೆಗಳನ್ನು ಜೋಡಿಸಲು ಈ ಸೂತ್ರವನ್ನೇ ಅಳವಡಿಸಿಕೊಂಡಿತು. ಸಣ್ಣ ಗುಂಪಿನಲ್ಲಿ ಸೂತ್ರ ಬೇಕಾಗಿಲ್ಲ, ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ಎಂದು ಎರಡೂ ಸಂಖ್ಯೆಗಳನ್ನು ಬರೆದರೆ ಸಾಕು.

ಈ ಬಗೆಗೆ ಹೇಳಿಮಾಡಿಸಿದ ಜಾಗವೆಂದರೆ ಪ್ರಶ್ನೋತ್ತರದ ಗುಂಪುಗಳು, ಅದರಲ್ಲೂ ರೈತರ ಗುಂಪುಗಳು. ಆದರೆ ಅಲ್ಲಿಯೇ ಮತದ ಕೊರತೆಯೂ ಎದ್ದು ಕಾಣುತ್ತದೆ. ಮುಂಗಾರಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆಂದು ಒಬ್ಬರು ಕೇಳುತ್ತಾರೆ. ‘ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ’ ಎಂಬ ಉತ್ತರಕ್ಕೆ ಬಹಳ ಮೆಚ್ಚುಗೆ ಬರುತ್ತದೆ, ಅದು ಸರಿಯೂ ಹೌದು. ಆದರೆ ಅದರ ಕೆಳಗೆ ಅನುಭವಿಯೊಬ್ಬರು ಬರೆದ ಎರಡು ಸಾಲು ಇಲ್ಲದಿದ್ದರೆ ಕೆಲಸ ಕೆಡುತ್ತದೆ: ‘ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿಯಿರಿ, ತಿರುಗಾಮುರುಗಾ ಮಾಡಬೇಡಿ. ಆಮೇಲೆ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ, ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು.’ ಎಷ್ಟು ಮತ ಕೂಡಿದರೂ ಈ ಎರಡು ಸಾಲು ಹುಟ್ಟುವುದಿಲ್ಲ.

ಎರಡು ಸಾಲಿನ ಮಾತು

ಕಿರುಮಾತು ಎಂದರೆ ಹಗುರ ಮಾತು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಉದ್ದವಾಗಿ ಬರೆದವರನ್ನು ಆಳವಾಗಿ ಯೋಚಿಸಿದವರೆಂದು ಭಾವಿಸುತ್ತೇವೆ. ಏಳೆಂಟು ವರ್ಷ ಸಂಘದ ಸಂದೇಶಗಳನ್ನು ಓದಿದ ಮೇಲೆ ನನಗೆ ಅನ್ನಿಸಿರುವುದು ಬೇರೆ. ನಿರ್ಧಾರಗಳನ್ನು ನಿಜವಾಗಿ ಬದಲಿಸಿದ ಮಾತುಗಳಲ್ಲಿ ಹೆಚ್ಚಿನವು ಎರಡು ಸಾಲು ಮೀರಿರಲಿಲ್ಲ, ಮತ್ತು ಅವೆಲ್ಲವೂ ನಾಲ್ಕು ಬಗೆಗಳಲ್ಲಿ ಯಾವುದಾದರೂ ಒಂದಕ್ಕೆ ಸೇರಿದ್ದವು. ಇತರರಿಗೆ ಗೊತ್ತಿಲ್ಲದ ಒಂದು ಸಂಗತಿ, ಹೇಳಿದ್ದರಲ್ಲಿನ ಒಂದು ತಪ್ಪಿನ ತಿದ್ದುಪಡಿ, ‘ಇಂತಾದರೆ ಒಪ್ಪುತ್ತೇನೆ’ ಎಂಬ ಷರತ್ತು, ಇಲ್ಲವೇ ನರ್ಸ್ ಬರೆದಂಥ ತಮ್ಮ ಸ್ವಂತ ಪರಿಸ್ಥಿತಿ. ‘ಸರಿಯಾಗಿ ಹೇಳಿದಿರಿ’, ‘ನನ್ನದೂ ಅದೇ ಅಭಿಪ್ರಾಯ’ ಎಂಬ ಮಾತುಗಳು ಸ್ನೇಹಕ್ಕೆ ಒಳ್ಳೆಯವು, ಅವುಗಳ ಕೆಲಸವನ್ನು ಗುರುತು ಮಾಡಬಲ್ಲದು.

ಹಾಗಾಗಿ ಮಾತು ಕೇಳುವಾಗ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಬರೆಯುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಅದಕ್ಕೆ ಮೌನ ಬರುತ್ತದೆ, ಇಲ್ಲವೇ ಭಾಷಣ. ‘ಇದರಿಂದ ನಿಮ್ಮ ಮನೆಗೆ ಯಾವ ತೊಂದರೆಯಾಗಬಹುದು? ಎರಡು ಸಾಲಿನಲ್ಲಿ ಹೇಳಿ’ ಎಂದು ಕೇಳಿದರೆ ಹಿಂದೆಂದೂ ಮಾತನಾಡದವರು ಮಾತನಾಡುತ್ತಾರೆ. ಧ್ವನಿ ಸಂದೇಶ ಕಳಿಸುವವರಿಗೆ ಮೂವತ್ತು ಸೆಕೆಂಡಿನ ಮಿತಿ ಹೇಳಿ, ಅದನ್ನು ಕೇಳಿ ಬರೆದು ಹಾಕುವ ಹೊಣೆಯನ್ನು ಯಾರಾದರೂ ಯುವಕರಿಗೆ ಒಪ್ಪಿಸುವುದು ಒಳ್ಳೆಯದು. ನಾಲ್ಕು ನಿಮಿಷದ ಧ್ವನಿ ಸಂದೇಶವನ್ನು ಪೂರ್ತಿ ಕೇಳುವವರು ಬಹಳ ಕಡಿಮೆ.

ಮಾತಿನ ಬಗೆಗೂ ದೋಷಗಳಿವೆ, ಅವು ಸಣ್ಣವಲ್ಲ. ಇಬ್ಬರು ಇಪ್ಪತ್ತು ಸಲ ಬರೆದರೆ ಅದು ಇಪ್ಪತ್ತು ಮಂದಿಯ ಅಭಿಪ್ರಾಯದಂತೆ ಕಾಣುತ್ತದೆ. ದೊಡ್ಡವರ ಮಾತಿಗೆ ಎದುರು ಹೇಳಬಾರದೆಂಬ ಸಂಕೋಚ ಕಿರಿಯರನ್ನೂ, ಅದೇ ಗುಂಪಿನಲ್ಲಿ ಅತ್ತೆ ಮಾವಂದಿರಿರುವ ಸೊಸೆಯರನ್ನೂ, ಮಾಲೀಕರಿರುವ ಬಾಡಿಗೆದಾರರನ್ನೂ ತಡೆಯುತ್ತದೆ. ಬಡಾವಣೆಯ ನೀರಿನ ಹಂಚಿಕೆಯ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಹಗಲೆಲ್ಲ ಮನೆಯಲ್ಲಿದ್ದು ತೊಟ್ಟಿ ತುಂಬಿಸುವವರಿಗೆ, ಆದರೆ ಗುಂಪಿನಲ್ಲಿ ಬರೆಯುವವರು ಬೇರೆಯವರು. ಇದಕ್ಕಾಗಿ ಅನಿಸಿಕೆಗಳನ್ನು ಕಾರ್ಯದರ್ಶಿಗೆ ನೇರವಾಗಿ ಕಳಿಸಲು ಹೇಳಿ, ಹೆಸರು ತೆಗೆದು ಒಟ್ಟಿಗೆ ಹಾಕುವ ಕ್ರಮವನ್ನು ನಾವು ಇಟ್ಟುಕೊಂಡಿದ್ದೇವೆ.

ಇನ್ನೊಂದು ದೋಷ ಹಳೆಯದು. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ನಾಮನಿರ್ದೇಶನಗೊಂಡ 144 ಮಂದಿ ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ಹೇಳಿಕೊಳ್ಳಬಹುದಿತ್ತು, ಆದರೆ ಮತದ ಮೂಲಕ ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರ ಅವರಿಗಿರಲಿಲ್ಲ. ಪ್ರಜೆಗಳ ಮಾತನ್ನು ಕೇಳುವುದೇ ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೆ ಎಣಿಕೆಯಿಲ್ಲದ ಮಾತಿನಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬುದು ಕೇಳಿಸಿಕೊಳ್ಳುವವರ ಇಚ್ಛೆಗೆ ಉಳಿದುಬಿಡುತ್ತದೆ. ಗುಂಪಿನ ಅಡ್ಮಿನ್ ಕೂಡ ತನಗೆ ಬೇಕಾದ ನಾಲ್ಕು ಸಾಲನ್ನು ಎತ್ತಿ ತೋರಿಸಿ ‘ಎಲ್ಲರ ಅಭಿಪ್ರಾಯ ಇದೇ’ ಎನ್ನಬಹುದು.

ಮತ, ಮಾತು ಎರಡನ್ನೂ ಬೆಸೆಯುವ ಬಗೆಗಳು

ಇಲ್ಲಿ ಮೂರು ಮಾದರಿಗಳು ನನಗೆ ಗೊತ್ತು. ಮೊದಲನೆಯದು ತಂತ್ರಜ್ಞಾನ ಸುದ್ದಿಯ ಚರ್ಚೆ ನಡೆಯುವ ಸ್ಲ್ಯಾಷ್‌ಡಾಟ್ ತಾಣದ್ದು. ಅಲ್ಲಿ ಒಂದು ಅನಿಸಿಕೆಗೆ ಅಂಕ ಕೊಡುವಾಗ ಒಂದು ಪದದ ಕಾರಣವನ್ನೂ ಕೊಡಬೇಕು: ಒಳನೋಟವುಳ್ಳದ್ದು, ಮಾಹಿತಿಯುಳ್ಳದ್ದು, ವಿಷಯಕ್ಕೆ ಸಂಬಂಧಿಸದ್ದು, ಹೇಳಿದ್ದನ್ನೇ ಹೇಳಿದ್ದು, ಹೀಗೆ. ಅಂಕ ಮೈನಸ್ ಒಂದರಿಂದ ಐದರವರೆಗೆ ಮಾತ್ರ, ಆದ್ದರಿಂದ ಜನಪ್ರಿಯತೆಯ ಓಟಕ್ಕೆ ಮಿತಿಯಿದೆ. ಒಂದು ಚರ್ಚೆಯಲ್ಲಿ ತಾವೇ ಬರೆದವರು ಅದೇ ಚರ್ಚೆಯಲ್ಲಿ ಅಂಕ ಕೊಡುವಂತಿಲ್ಲವೆಂಬ ನಿಯಮವೂ ಇದೆ. ವಾದಿಸುವವರು, ತೂಗುವವರು ಬೇರೆಯಾಗಿರಬೇಕೆಂಬ ಈ ನಿಯಮವನ್ನು ಸಂಘಗಳು ತಮ್ಮಲ್ಲಿ ಇಟ್ಟುಕೊಂಡರೆ ಎಷ್ಟೋ ಜಗಳಗಳು ತಪ್ಪುತ್ತವೆ.

ಎರಡನೆಯದು ವಿಕಿಪೀಡಿಯದ್ದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಸಮುದಾಯದ ಚರ್ಚೆ ನಡೆಯುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಇಷ್ಟು ಒಪ್ಪುವ ಹೆಸರು ಬೇರೆ ಸಿಗದು. ವಿಕಿಪೀಡಿಯದ ಚರ್ಚೆಗಳಲ್ಲಿ ಬೆಂಬಲ, ವಿರೋಧ ಎಂದು ಗುರುತು ಹಾಕಿ ಮುಂದೆ ಕಾರಣ ಬರೆಯುವುದು ರೂಢಿ. ಒಂದು ಲೇಖನವನ್ನು ಅಳಿಸಬೇಕೇ ಎಂಬಂಥ ಚರ್ಚೆಯನ್ನು ಮುಗಿಸುವವರು ತಲೆ ಎಣಿಸುವುದಿಲ್ಲ, ಕಾರಣಗಳನ್ನು ನಿಯಮಗಳೊಂದಿಗೆ ತೂಗಿ ನೋಡುತ್ತಾರೆ. ಇದರ ಗುಣ ದೊಡ್ಡದು, ಆದರೆ ತೂಗುವವರ ಮೇಲೆ ಎಲ್ಲರಿಗೂ ನಂಬಿಕೆಯಿರಬೇಕು, ತೂಗಲು ಬರಹದಲ್ಲಿರುವ ನಿಯಮಗಳಿರಬೇಕು. ಇವೆರಡೂ ಇಲ್ಲದ ಹೊಸ ಗುಂಪಿಗೆ ಇದನ್ನು ನಾನು ಸೂಚಿಸುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಮಾದರಿ. 2015ರಲ್ಲಿ ತೈವಾನಿನಲ್ಲಿ ಊಬರ್ ಟ್ಯಾಕ್ಸಿ ಸೇವೆಗೆ ಎಂಥ ನಿಯಮ ಬೇಕೆಂಬ ಪ್ರಶ್ನೆ ಎದ್ದಾಗ, ಟ್ಯಾಕ್ಸಿ ಚಾಲಕರು, ಊಬರ್ ಚಾಲಕರು, ಪ್ರಯಾಣಿಕರು ಪಾಲ್ಗೊಂಡ ಚರ್ಚೆಗೆ ‘ಪೋಲಿಸ್’ ಎಂಬ ತಂತ್ರಾಂಶವನ್ನು ಬಳಸಿದರು (ಹೆಸರು ಹಾಗಿದ್ದರೂ ಆರಕ್ಷಕರಿಗೂ ಇದಕ್ಕೂ ಸಂಬಂಧವಿಲ್ಲ). ಅದರಲ್ಲಿ ಯಾರಾದರೂ ಒಂದು ಕಿರು ವಾಕ್ಯವನ್ನು ಸೇರಿಸಬಹುದು, ಉಳಿದವರು ಅದಕ್ಕೆ ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’, ‘ಮುಂದಿನದು’ ಎಂದಷ್ಟೇ ಹೇಳಬಹುದು. ಒಬ್ಬರ ವಾಕ್ಯಕ್ಕೆ ನೇರವಾಗಿ ಮಾರುತ್ತರ ಬರೆಯಲು ಜಾಗವೇ ಇಲ್ಲ. ಒಪ್ಪದವರು ತಮ್ಮದೇ ಹೊಸ ವಾಕ್ಯ ಬರೆದು ಅದನ್ನೂ ಮತಕ್ಕೆ ಬಿಡಬೇಕು. ಮತಗಳ ಹೋಲಿಕೆಯಿಂದ ಯಾರು ಯಾರ ಹತ್ತಿರ ನಿಂತಿದ್ದಾರೆಂಬ ನಕ್ಷೆ ಮೂಡುತ್ತದೆ, ಮತ್ತು ಎದುರುಬದುರಾಗಿ ನಿಂತ ಬಣಗಳೂ ಸೇರಿ ಒಪ್ಪುವ ವಾಕ್ಯಗಳು ಯಾವುವೆಂಬುದು ಕಾಣುತ್ತದೆ. ಪ್ರಯಾಣಿಕರ ವಿಮೆಯಂಥ ವಿಷಯಗಳಲ್ಲಿ ಅಂಥ ಒಮ್ಮತ ಅಲ್ಲಿ ಕಂಡುಬಂತು.

ಮಾರುತ್ತರವನ್ನು ತಡೆದರೆ ಚರ್ಚೆ ಸೊರಗುವುದಿಲ್ಲವೇ ಎಂದು ಮೊದಲು ನನಗೂ ಸಂದೇಹವಿತ್ತು. ನಮ್ಮ ಬಡಾವಣೆಯಲ್ಲಿ ತಂತ್ರಾಂಶವಿಲ್ಲದೆಯೇ ಇದರ ಸರಳ ರೂಪವನ್ನು ನಡೆಸಿ ನೋಡಿದೆ. ಗೇಟಿನ ಪ್ರಶ್ನೆಯನ್ನೇ ಮತ್ತೆ ಎತ್ತಿಕೊಂಡು, ಮೂರು ದಿನ ಎರಡು ಸಾಲಿನ ವಾಕ್ಯಗಳನ್ನು ಮಾತ್ರ ಸ್ವೀಕರಿಸಿ, ಹೆಸರು ತೆಗೆದು, ಒಂದೇ ಅರ್ಥದವನ್ನು ಒಟ್ಟುಗೂಡಿಸಿದಾಗ 14 ವಾಕ್ಯಗಳು ಉಳಿದವು. ಅವನ್ನು ಗೂಗಲ್ ಫಾರ್ಮಿನಲ್ಲಿ ಹಾಕಿ ಪ್ರತಿ ವಾಕ್ಯಕ್ಕೂ ಮೂರು ಆಯ್ಕೆ ಕೊಟ್ಟೆವು. ಫಾರ್ಮ್ ತೆರೆಯಲಾಗದ ಒಂಬತ್ತು ಮನೆಗಳಿಗೆ ಕಾಗದದಲ್ಲಿ ಮುದ್ರಿಸಿ ಕೊಟ್ಟೆವು. ಬೀಗವೇ ಬೇಕೆಂದವರೂ ಬೇಡವೆಂದವರೂ ಸೇರಿ ಒಪ್ಪಿದ ಒಂದು ವಾಕ್ಯ ಸಿಕ್ಕಿತು: ದೊಡ್ಡ ಗೇಟಿಗೆ ಹನ್ನೊಂದಕ್ಕೆ ಬೀಗ, ಪಕ್ಕದ ಸಣ್ಣ ಗೇಟಿನ ಕೀಲಿ ಮನೆಗೊಂದು. ಈ ಆಯ್ಕೆ ನನ್ನ ಮೊದಲ ಪ್ರಶ್ನೆಯಲ್ಲಿ ಇರಲೇ ಇಲ್ಲ. ಅದನ್ನು ಯಾರು ಬರೆದರೆಂಬುದು ಇಂದಿಗೂ ಗುಂಪಿಗೆ ತಿಳಿದಿಲ್ಲ.

ಇಷ್ಟು ಶ್ರಮ ಎಲ್ಲ ಪ್ರಶ್ನೆಗೂ ಬೇಕಾಗಿಲ್ಲ. ಇಪ್ಪತ್ತು ಮಂದಿಗಿಂತ ಕಡಿಮೆ ಇದ್ದರೆ ಎದುರು ಕುಳಿತು ಮಾತನಾಡುವುದೇ ಲೇಸು. ನಿರ್ಧಾರವನ್ನು ನಾಳೆ ಬದಲಿಸಲು ಸಾಧ್ಯವಿದ್ದರೆ ಒಂದು ಪೋಲ್ ಸಾಕು. ಒಮ್ಮೆ ಹಣ ಖರ್ಚಾದರೆ ಮರಳಿ ಬರದಂಥ ವಿಷಯವಾದರೆ, ಅಥವಾ ಅದರ ಭಾರವೆಲ್ಲ ಕೆಲವೇ ಮನೆಗಳ ಮೇಲೆ ಬೀಳುವಂತಿದ್ದರೆ, ಮೊದಲು ಆ ಮನೆಗಳವರ ಮಾತು, ಆಮೇಲೆ ಎಲ್ಲರ ಗುಪ್ತ ಮತ ಎಂಬ ಕ್ರಮವನ್ನು ಬಿಡಬಾರದು. ನೋಂದಾಯಿತ ಸಂಘಗಳಲ್ಲಿ ಸಾಮಾನ್ಯ ಸಭೆಗೆ ನೋಟಿಸ್ ಎಷ್ಟು ದಿನ ಮೊದಲು, ಕೋರಂ (ಹಾಜರಿರಬೇಕಾದ ಕನಿಷ್ಠ ಸಂಖ್ಯೆ) ಎಷ್ಟು ಎಂಬುದು ಉಪನಿಯಮಗಳಲ್ಲಿ ಇರುತ್ತದೆ. ಫೋನಿನಲ್ಲಿ ಬಂದ ಮತವನ್ನು ಆ ಸಭೆಗೆ ಮಾಡಿಕೊಂಡ ತಯಾರಿಯೆಂದು ತಿಳಿಯಬೇಕು, ಸಭೆಯ ಬದಲಿಯೆಂದು ಅಲ್ಲ. ನಡಾವಳಿ ಬರೆಯುವಾಗ ಮತಗಳ ಸಂಖ್ಯೆಯ ಜೊತೆಗೆ, ಒಪ್ಪದವರು ಕೊಟ್ಟ ಕಾರಣಗಳನ್ನೂ ಅವರದೇ ಮಾತಿನಲ್ಲಿ ಬರೆದಿಡಿ.

ಮತಕ್ಕೆ ಹಾಕಲೇಬಾರದ ವಿಷಯಗಳೂ ಇವೆ. ಮನೆಯಲ್ಲಿ ನಾಯಿ ಸಾಕಬಾರದೆಂದು ನಿರ್ಣಯ ಮಾಡಲು ಪೋಲ್ ಹಾಕಬೇಕೆಂಬ ಒತ್ತಾಯ ನಮ್ಮಲ್ಲಿ ಒಮ್ಮೆ ಬಂತು. ಅಂಥ ನಿಷೇಧವನ್ನು ನಿವಾಸಿಗಳ ಸಂಘ ಬಹುಮತದಿಂದಲೂ ಹೇರುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಬಾಡಿಗೆದಾರರು ಯಾವ ಜಾತಿಯವರಿರಬೇಕು, ಏನು ತಿನ್ನಬೇಕು, ಮನೆಗೆಲಸಕ್ಕೆ ಬರುವವರು ಲಿಫ್ಟ್ ಬಳಸಬಹುದೇ ಎಂಬ ಪ್ರಶ್ನೆಗಳನ್ನೂ ಕೆಲವರು ಪೋಲ್ ರೂಪದಲ್ಲಿ ಕಳಿಸುತ್ತಾರೆ. ಒಬ್ಬರ ಹಕ್ಕನ್ನೋ ಘನತೆಯನ್ನೋ ಎಣಿಕೆಗೆ ಇಡುವ ಪ್ರಶ್ನೆ ಬಂದಾಗ ಅದನ್ನು ಗುಂಪಿಗೆ ಹಾಕದೆ ಹಿಂದಕ್ಕೆ ಕಳಿಸಿ, ಏಕೆ ಹಾಕುವುದಿಲ್ಲವೆಂಬುದನ್ನು ಕೇಳಿದವರಿಗೆ ನೇರವಾಗಿ ಎರಡು ಸಾಲಿನಲ್ಲಿ ಬರೆಯುವುದು ಕಾರ್ಯದರ್ಶಿಯ ಕೆಲಸ.